ನನ್ನ ಸೈಟಿನಲ್ಲಿ ಅತ್ತೆಯ ಕಪ್ಪೆಗಳು

ತುಮಕೂರಿನಲ್ಲಿ ಸೈಟು ಕೊಂಡವರು ಏನು ಮಾಡುತ್ತಾರೆ? ಮನೆ ಕಟ್ಟುತ್ತಾರೆ. ಮನೆಗೆ ಕೈ ಸಾಲದಿದ್ದರೆ ಕಾಂಪೌಂಡು ಕಟ್ಟುತ್ತಾರೆ. ಅದಕ್ಕೂ ಸಾಲದಿದ್ದರೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟು, ವಾರಕ್ಕೊಮ್ಮೆ ಹೋಗಿ ಕಲ್ಲು ಅಲ್ಲೇ ಇದೆಯಾ ಎಂದು ನೋಡಿಕೊಂಡು ಬರುತ್ತಾರೆ. ನಮ್ಮ ಸೋದರತ್ತೆ ಇದ್ಯಾವುದನ್ನೂ ಮಾಡಲಿಲ್ಲ. ಸೈಟಿನ ನಟ್ಟನಡುವೆ ಗುಂಡಿ ತೋಡಿದರು. ಯಾರಿಗೋಸ್ಕರ? ಕಪ್ಪೆಗಳಿಗೋಸ್ಕರ! ಇದಕ್ಕಿಂತ ಘೋರವಾದ ಸಂಗತಿ ಇನ್ನೊಂದಿದೆ. ಅದು ನನ್ನ ಸೈಟು!

ಕಾಗದಪತ್ರದಲ್ಲಿ ಅದು ಅತ್ತೆಯದೇ ಆಗಿತ್ತು, ಒಪ್ಪುತ್ತೇನೆ. ಆದರೆ ಕಾಗದಪತ್ರವೇ ಎಲ್ಲವೂ ಅಲ್ಲವಲ್ಲ. ಅತ್ತೆ ಕುಣಿಗಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಆಗಿದ್ದರು. ಮದುವೆ ಆಗಿರಲಿಲ್ಲ. ತೊಂಬತ್ತರ ದಶಕದ ನಡುವೆ ರಿಟೈರ್ ಆದವರೇ ತುಮಕೂರಿನ ಅಂಚಿನ ಹೊಸ ಬಡಾವಣೆಯಲ್ಲಿ ಅಕ್ಕಪಕ್ಕದ ಎರಡು ಸೈಟು ಕೊಂಡು, ಒಂದರಲ್ಲಿ ಪುಟ್ಟ ಮನೆ ಕಟ್ಟಿಕೊಂಡರು. ಇನ್ನೊಂದನ್ನು ತೋರಿಸಿ ನಮ್ಮಪ್ಪನಿಗೆ, "ಅಣ್ಣಾ, ಇದು ನಿನ್ನ ಮಗನಿಗೆ" ಅಂದರು. ನಾನಾಗ ತುಮಕೂರಿನ ಒಂದು ಆಫೀಸಿನಲ್ಲಿ ಹೊಸದಾಗಿ ಗುಮಾಸ್ತನಾಗಿ ಸೇರಿದ್ದೆ. ಅವತ್ತಿನಿಂದ ಪ್ರತಿ ಭಾನುವಾರ ಹೋಗಿ ಆ ಖಾಲಿ ಜಾಗದಲ್ಲಿ ನಿಂತು, ಇಲ್ಲಿ ಹಾಲು, ಇಲ್ಲಿ ದೇವರ ಮನೆ, ಇಲ್ಲಿ ನಾನು ಕಾಲು ಚಾಚಿ ಪೇಪರ್ ಓದುವ ಜಗುಲಿ ಎಂದು ಮನಸ್ಸಿನಲ್ಲೇ ಗೃಹಪ್ರವೇಶ ಮಾಡಿಕೊಳ್ಳುತ್ತಿದ್ದೆ.

ಆ ವರ್ಷದ ಮೊದಲ ಮಳೆ ಬಂದು ನಿಂತ ಒಂದು ಸಂಜೆ ಅತ್ತೆ ನನ್ನನ್ನು ಬಾಗಿಲಿಗೆ ಕರೆದರು.

"ಕಿವಿ ಕೊಟ್ಟು ಕೇಳು. ಏನ್ ಕೇಳಿಸ್ತದೆ?"

ಕೇಳಿದೆ. "ಏನೂ ಇಲ್ಲವಲ್ಲ ಅತ್ತೆ."

"ಅದೇ ಕಣೋ! ಮಳೆ ನಿಂತ್ಮೇಲೆ ಏನೂ ಕೇಳಿಸ್ದೇ ಇರೋ ಊರಲ್ಲಿ ಮನುಷ್ಯರು ಹೆಂಗೋ ಇರ್ತಾರೆ?"

ಮೂವತ್ತು ವರ್ಷ ಕುಣಿಗಲ್ ಕೆರೆಯ ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದವರು ಅವರು. ಕಪ್ಪೆ ಕೂಗದಿದ್ದರೆ ಮಳೆ ಬಂದಿದ್ದೇ ಲೆಕ್ಕಕ್ಕಿಲ್ಲ ಎಂಬುದು ಅವರ ವಾದ. ನಾಲ್ಕು ದಿನ ಬಡಾವಣೆಯ ಸುತ್ತಮುತ್ತ ವಿಚಾರಿಸಿದ ಮೇಲೆ ಗೊತ್ತಾದದ್ದೇನೆಂದರೆ, ಇಡೀ ಬಡಾವಣೆಯೇ ಹಿಂದೆ ಒಂದು ನೀರಿನ ಕಟ್ಟೆಯಾಗಿತ್ತಂತೆ. ಯಾರೋ ಪುಣ್ಯಾತ್ಮರು ಮಣ್ಣು ತುಂಬಿ, ರಸ್ತೆ ಎಳೆದು, ಸೈಟು ಮಾಡಿದ್ದರು. ಅತ್ತೆ ಅವತ್ತು ಊಟ ಮಾಡಲಿಲ್ಲ. "ನಾನು ಕಟ್ಟಿರೋದು ಅವುಗಳ ಮನೆ ಮೇಲೆ ಕಣೋ" ಎಂದರು. ನಾನು ನಕ್ಕೆ. ನಗಬಾರದಿತ್ತು ಎಂದು ಮುಂದಿನ ಭಾನುವಾರ ಗೊತ್ತಾಯಿತು.

ಹೋಗಿ ನೋಡಿದರೆ ನನ್ನ ದೇವರ ಮನೆಯ ಜಾಗದಲ್ಲಿ ಮೇಸ್ತ್ರಿಯೊಬ್ಬ ಗುದ್ದಲಿ ಹಿಡಿದು ನಿಂತಿದ್ದಾನೆ! ಅತ್ತೆ ಅಳತೆ ಟೇಪು, ಸೀಮೆಸುಣ್ಣದ ಪುಡಿ ಹಿಡಿದು, ಬ್ಲೌಸಿನ ಕತ್ತಿಗೆ ಗುರುತು ಹಾಕುವಂತೆ ನೆಲದ ಮೇಲೆ ಓರೆ ಓರೆಯಾಗಿ ಗೆರೆ ಎಳೆಯುತ್ತಿದ್ದಾರೆ.

ಮೇಸ್ತ್ರಿ ಕೇಳಿದ: "ಸಂಪೇನಮ್ಮಾ?"

"ಅಲ್ಲ."

"ಹಂಗಾರೆ ಕಕ್ಕಸ್ ಗುಂಡಿ."

"ಅದೂ ಅಲ್ಲ. ಕಪ್ಪೆಗೆ."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಅವನು ತನ್ನ ವಿದ್ಯೆಯಂತೆ ನಾಲ್ಕೂ ಕಡೆ ಗೋಡೆಯ ಹಾಗೆ ನೆಟ್ಟಗೆ ಕಡಿದ. ಅತ್ತೆ ಬಿಚ್ಚಿ ಹೊಲಿಸಿದರು. "ಒಂದು ಕಡೆ ಇಳಿಜಾರು ಇರ್ಬೇಕಪ್ಪ. ಒಳಗೆ ಬಿದ್ದ ಮರಿ ಹತ್ತೋದ್ಹೆಂಗೆ? ಅವೇನು ಏಣಿ ಹಾಕ್ಕೊಂಡು ಬರ್ತವಾ?"

"ಕಪ್ಪೆ ನೆಗೀತದೆ ಬುಡಿ ಅಮ್ಮಾ."

"ನಿನ್ನ ಮಗು ಹುಟ್ಟಿದ ದಿನಾನೇ ನೆಗೀತಾ?"

ಮೇಸ್ತ್ರಿ ಇಳಿಜಾರು ಮಾಡಿಕೊಟ್ಟ. ಸಿಮೆಂಟು ಬೇಡವೆಂದು ಗೂಳೂರು ಕಡೆಯಿಂದ ಒಂದು ಟ್ರ್ಯಾಕ್ಟರ್ ಕೆರೆಗೋಡು ಮಣ್ಣು ತರಿಸಿ, ತಳಕ್ಕೆ ಸುರಿದು, ಸೀರೆ ಎತ್ತಿ ಸಿಕ್ಕಿಸಿಕೊಂಡು ಅತ್ತೆಯೇ ತುಳಿದರು. ನನ್ನನ್ನೂ ತುಳಿಸಿದರು. ಸ್ವಂತ ಸೈಟಿನ ಗುಂಡಿಯನ್ನು ಸ್ವಂತ ಕಾಲಿನಿಂದಲೇ ಭದ್ರ ಮಾಡಿಕೊಟ್ಟ ಗುಮಾಸ್ತ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಮಳೆನೀರು ತುಂಬಿತು. ಅಂಚಿಗೆ ಜೊಂಡು ನೆಟ್ಟರು. ನಲ್ಲಿ ನೀರಿಗೆ ಔಷಧಿ ಹಾಕಿರುತ್ತಾರೆಂದು ಅದನ್ನು ಹತ್ತಿರ ಸೇರಿಸಲಿಲ್ಲ. ಆಮೇಲೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬೀಗರನ್ನು ಕಾಯುವವರ ಹಾಗೆ ಕಾಯತೊಡಗಿದರು.

ಒಂದು ದಿನ ಗುಬ್ಬಿಯಲ್ಲಿದ್ದ ನಮ್ಮಪ್ಪನಿಗೆ ಅತ್ತೆಯಿಂದ ಒಂದು ಕಾರ್ಡು ಬಂತು. "ಅಣ್ಣನಿಗೆ ನಮಸ್ಕಾರ. ಅಂತೂ ನಿನ್ನೆ ಸಂಜೆ ಇಬ್ಬರು ಬಂದರು. ಗಂಡಿಗೆ ಬಾಯಿ ಜಾಸ್ತಿ. ಹೆಣ್ಣು ಮಾತೇ ಆಡುವುದಿಲ್ಲ, ಮೈಕೈ ತುಂಬಿಕೊಂಡು ಲಕ್ಷಣವಾಗಿದೆ. ಇಲ್ಲೇ ನಿಲ್ಲುವ ಹಾಗೆ ಕಾಣುತ್ತದೆ. ಅತ್ತಿಗೆಯನ್ನು ಕರೆದುಕೊಂಡು ಬೇಗ ಬಾ."

ಮದುವೆ ವಯಸ್ಸಿನ ಮಗನಿರುವ ಯಾವ ತಂದೆ ಇದನ್ನು ಓದಿ ಸುಮ್ಮನಿದ್ದಾನು? ಬಾಯಿ ಜಾಸ್ತಿ ಇರುವವನು ಹುಡುಗಿಯ ಅಣ್ಣನಿರಬೇಕೆಂದು ಅಪ್ಪ ನಿಶ್ಚಯಿಸಿದರು. ಅಮ್ಮ ರೇಷ್ಮೆ ಸೀರೆ ಉಟ್ಟರು. ಎರಡು ಡಜನ್ ಬಾಳೆಹಣ್ಣು, ನಾಲ್ಕು ಮೊಳ ಮಲ್ಲಿಗೆ, ಎಲೆಅಡಿಕೆ ಸಮೇತ ಗುಬ್ಬಿ ಬಸ್ಸಿನಲ್ಲಿ ಬಂದಿಳಿದರು. ಅತ್ತೆ ಅವರನ್ನು ಒಳಗೂ ಕರೆಯದೆ ಸೀದಾ ಹೊಂಡದ ಹತ್ತಿರ ಕರೆದುಕೊಂಡು ಹೋಗಿ, ಜೊಂಡು ಸರಿಸಿ, "ಅಗೋ, ಅಲ್ಲಿ" ಎಂದು ತೋರಿಸಿದರು.

ಅಪ್ಪ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ನೆಲಕ್ಕಿಟ್ಟರು. ಅಮ್ಮ ಮಾತ್ರ ಬಗ್ಗಿ ಚೆನ್ನಾಗಿ ನೋಡಿ ಅಂದರು: "ಎಲ್ಲಾ ಸರಿ. ಹುಡುಗಿ ಬಣ್ಣ ಸ್ವಲ್ಪ ಕಮ್ಮಿ ಆಯ್ತು."

ಬಾಳೆಹಣ್ಣನ್ನು ನಾವೇ ತಿಂದೆವು.

ಜೋಡಿ ಕಪ್ಪೆ ಎಷ್ಟು ದಿನ ಜೋಡಿಯಾಗಿರುತ್ತದೆ? ಮುಂದಿನ ವರ್ಷದ ಹೊತ್ತಿಗೆ ಅಲ್ಲಿ ಒಂದು ಬಡಾವಣೆಯೇ ಎದ್ದಿತ್ತು. ಹಳದಿಯ ದಪ್ಪ ಕಪ್ಪೆಗಳು, ಮೈಯೆಲ್ಲ ಗುಳ್ಳೆಯ ನೆಲಗಪ್ಪೆಗಳು, ಹೆಬ್ಬೆರಳಿನಷ್ಟೇ ಇದ್ದರೂ ಲೌಡ್‌ಸ್ಪೀಕರ್ ನುಂಗಿದಂತೆ ಕೂಗುವ ಸಣ್ಣವು, ಮೇಲೆ ಏರೋಪ್ಲೇನ್ ಚಿಟ್ಟೆಗಳು, ಇವನ್ನೆಲ್ಲ ನೋಡಿಕೊಂಡು ತಂತಿಯ ಮೇಲೆ ಕೂತ ಒಂದು ಮಿಂಚುಳ್ಳಿ. ಸಂಜೆ ಏಳಾಯಿತೆಂದರೆ ಟೀವಿಯ ವಾರ್ತೆ ಕೇಳಿಸದು. ಪಕ್ಕದ ಮನೆಯಲ್ಲಿ ಒಬ್ಬ ರಿಟೈರ್ಡ್ ಪೊಲೀಸ್ ಜಮಾದಾರರಿದ್ದರು. ಜೀವಮಾನವೆಲ್ಲ ಜನರನ್ನು ಗದರಿಸಿ ಸುಮ್ಮನಿರಿಸಿದವರಿಗೆ ಕಪ್ಪೆಗಳನ್ನು ಸುಮ್ಮನಿರಿಸಲು ಆಗಲಿಲ್ಲ. ಅವರು ಸೊಳ್ಳೆ ಕಾಟವೆಂದು ನಗರಸಭೆಗೆ ಅರ್ಜಿ ಬರೆದು ಹಾಕಿದರು.

ಒಂದು ಬೆಳಿಗ್ಗೆ ಸೊಳ್ಳೆ ಔಷಧಿಯವನು ಎಣ್ಣೆಯ ಡಬ್ಬ ಹೊತ್ತು ಬಂದ. ಅತ್ತೆ ಅವನನ್ನು ತಡೆಯಲಿಲ್ಲ, ಬೈಯಲಿಲ್ಲ. ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಒಂದು ಗಾಜಿನ ಬಾಟಲಿಯಲ್ಲಿ ಹೊಂಡದ ನೀರು, ಎರಡು ದಪ್ಪ ಗೊದಮೊಟ್ಟೆ ಹಿಡಿದರು. ಆಮೇಲೆ ಜಮಾದಾರರ ಕಾಂಪೌಂಡಿನ ಹೂಕುಂಡದ ತಟ್ಟೆಯಿಂದ ಒಂದು ಲೋಟ ನೀರು ತಂದರು. ಅದರ ತುಂಬಾ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಅದನ್ನು ಬಾಟಲಿಗೆ ಸುರಿದು, "ಕಾಫಿ ಮುಗಿಯೋವರ್ಗೂ ಇದನ್ನ ನೋಡಪ್ಪ. ಆಮೇಲೆ ಎಣ್ಣೆ ಹಾಕು" ಅಂದರು.

ಅವನು ನೋಡಿದ. ಕಾಫಿ ಆರಿತು. ಆದರೂ ನೋಡಿದ. "ಅಯ್ಯಯ್ಯೋ, ಇನ್ನೊಂದನ್ನ ಹಿಡೀತು ನೋಡಿ ಟೀಚರ್! ಬುಡಬೇಡ, ಬುಡಬೇಡ, ಅಗೋ ಮೂಲೇಲಿ ಐತೆ!" ಎಂದು ಕುಸ್ತಿ ಅಖಾಡದಲ್ಲಿ ಕೂತವನಂತೆ ಕೂಗಾಡಿದ. ಹೋಗುವಾಗ ಹೊಂಡಕ್ಕೆ ಎಣ್ಣೆ ಹಾಕಲಿಲ್ಲ. ತನ್ನ ಮನೆಯ ನೀರಿನ ತೊಟ್ಟಿಗೆಂದು ನಾಲ್ಕು ಗೊದಮೊಟ್ಟೆ ಕೇಳಿ ಇಸಕೊಂಡ. ಮತ್ತೆ ಜಮಾದಾರರ ಮನೆಗೆ ಹೋಗಿ, ಹೂಕುಂಡದ ತಟ್ಟೆಗಳನ್ನೆಲ್ಲ ಬೋರಲು ಹಾಕಿಸಿ, "ಕಂಪ್ಲೇಂಟ್ ಕೊಡೋರು ಮೊದ್ಲು ಮನೆ ಕ್ಲೀನಾಗಿಟ್ಕೋಬೇಕು ಸಾರ್" ಎಂದು ಗದರಿಸಿ ಹೋದ.

ಇಷ್ಟರಲ್ಲಿ ನನಗೊಂದು ದುರ್ಬುದ್ಧಿ ಬಂತು. ಅತ್ತೆಯನ್ನು ಒಲಿಸಿಕೊಂಡರೆ ಸೈಟಿನ ಮಾತು ತೆಗೆಯಬಹುದಲ್ಲ! ಅವರ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನಿಂದ ಬಣ್ಣದ ಮೀನುಗಳನ್ನು ತಂದು, ಹೇಳದೆ ಕೇಳದೆ ಹೊಂಡಕ್ಕೆ ಬಿಟ್ಟು, ಕೈಕಟ್ಟಿ ನಿಂತೆ. ಅತ್ತೆಯ ಮುಖ ಬಿಳಿಚಿಕೊಂಡಿತು.

"ಮೊನ್ನೆ ತಾನೇ ಮೊಟ್ಟೆ ಇಟ್ಟಿದಾವೆ ಕಣೋ! ಮೀನು ಅದನ್ನೆಲ್ಲಾ ತಿಂದಾಕ್ತದೆ. ಬಾಣಂತಿ ಕೋಣೆಗೆ ಬೆಕ್ಕು ಬಿಟ್ಟಂಗಾಯ್ತಲ್ಲೋ!"

ಮೂರು ದಿನ ರಜಾ ಹಾಕಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಹಳೆಯ ಸೀರೆಯ ತುಂಡಿನಲ್ಲಿ ಒಂದೊಂದೇ ಮೀನು ಹಿಡಿದು ಹೊರಗೆ ಹಾಕಿದೆ. ರಜಾ ಅರ್ಜಿಯಲ್ಲಿ ಕಾರಣ ಏನೆಂದು ಬರೆಯಲಿ? "ಮನೆಯ ಹಿರಿಯರ ಅನಾರೋಗ್ಯ" ಎಂದು ಬರೆದೆ. ತೀರಾ ಸುಳ್ಳೂ ಅಲ್ಲ.

ಅತ್ತೆಯ ಕೀರ್ತಿ ಊರು ದಾಟಿದ್ದು ಮಳೆ ಕೈಕೊಟ್ಟ ಒಂದು ವರ್ಷ. ಗೂಳೂರಿನ ಆಚೆಯ ಹಳ್ಳಿಯಿಂದ ಐದಾರು ಜನ ಹಿರಿಯರು ಬಂದು ಜಗುಲಿಯ ಮೇಲೆ ಗಂಭೀರವಾಗಿ ಕೂತರು. ಮಳೆಗಾಗಿ ಕಪ್ಪೆ ಮದುವೆ ಮಾಡಬೇಕು, ಊರಲ್ಲಿ ಕಪ್ಪೆಯೇ ಸಿಗುತ್ತಿಲ್ಲ, ಟೀಚರಮ್ಮ ಒಂದು ಗಂಡು ಒಂದು ಹೆಣ್ಣು ಕೊಡಬೇಕು.

ಅತ್ತೆ ಹೆಣ್ಣು ಹೆತ್ತವರ ಗತ್ತಿನಲ್ಲೇ ಮಾತಿಗೆ ಕೂತರು. "ಅರಿಶಿನ ಹಚ್ಚಂಗಿಲ್ಲ. ಅವು ಉಸಿರಾಡೋದು ಚರ್ಮದಲ್ಲೇ."

"ಅರಿಶಿನ ಇಲ್ದೆ ಎಂಥ ಮದ್ವೆ ತಾಯಿ?"

"ಹಂಗಾದ್ರೆ ಸಂಬಂಧ ಬೇಡ ಬಿಡಿ."

"ಆಗ್ಲಿ, ಆಗ್ಲಿ. ಮುಂದ್ಕೆ ಹೇಳಿ."

"ಒದ್ದೆ ಬಟ್ಟೇಲೇ ಇಟ್ಕೋಬೇಕು. ಸಾಯಂಕಾಲದೊಳಗೆ ತಂದು ನನ್ನ ಕೈಗೆ ಒಪ್ಪಿಸ್ಬೇಕು."

ಒಪ್ಪಿದರು. ಮದುವೆ ಆಯಿತು. ಸಂಜೆ ವಧೂವರರು ಸುಖವಾಗಿ ಹಿಂದಿರುಗಿದರು. ಎಂಟು ದಿನಕ್ಕೆ ಮಳೆಯೂ ಬಂತು! ಆ ಹಿರಿಯರು ಒಂದು ಗೊನೆ ಎಳನೀರು ತಂದಿಳಿಸಿ, "ನಿಮ್ಮ ಮನೆ ಹೆಣ್ಣಿನ ಕಾಲ್ಗುಣ ಕಣಮ್ಮಾ" ಎಂದು ಕೈಮುಗಿದು ಹೋದರು. ಅವರು ಹೋದ ಮೇಲೆ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: "ಎರಡೂ ಗಂಡೇ ಕಣೋ. ಹೆಣ್ಣಿಗೆ ಮೊಟ್ಟೆ ಇಡೋ ಹೊತ್ತು, ಆ ಬಿಸಿಲಲ್ಲಿ ಕಳಿಸೋಕಾಗುತ್ತಾ?"

ಇನ್ನು ಅವರನ್ನು ಹಿಡಿಯುವವರು ಯಾರು? ಗುಬ್ಬಿಯ ನಮ್ಮ ತೆಂಗಿನ ತೋಟದ ಮೂಲೆಯಲ್ಲಿ ಒಂದು ಹೊಂಡ ತೋಡಿಸಿದರು. ಅಪ್ಪ ಒಂದು ವಾರ ಮಾತುಬಿಟ್ಟರು, ಎಂಟನೇ ದಿನ ತಾವೇ ಅದರ ಪಕ್ಕ ಕಲ್ಲುಬೆಂಚು ಹಾಕಿಸಿಕೊಂಡರು. ಕುಣಿಗಲ್ಲಿನ ಹಳೆಯ ಶಾಲೆಯ ಹಿತ್ತಲಲ್ಲಿ ಮತ್ತೊಂದಾಯಿತು. ಯಾರಾದರೂ ನೆಂಟರು ಮನೆಗೆ ಕರೆದರೆ ಅತ್ತೆಯ ಕಣ್ಣು ಮೊದಲು ಅವರ ಹಿತ್ತಲಿನ ಮೇಲೆ. ಹೀಗಾಗಿ ಕರೆಯುವವರು ಕಮ್ಮಿಯಾದರು.

ನನಗೂ ಮದುವೆಯಾಯಿತು, ಮನುಷ್ಯರ ಜೊತೆಗೇ. ಬಾಡಿಗೆ ಮನೆ, ಒಂದು ಮಗು, ವರ್ಷಕ್ಕೊಮ್ಮೆ ಸಾಮಾನು ಹೊತ್ತು ಮನೆ ಬದಲಾಯಿಸುವುದು. ಹೊಂಡದಲ್ಲಿ ಕಪ್ಪೆಮೊಟ್ಟೆ ನೋಡಿದ ಮೇಲೆ ಸಬ್ಬಕ್ಕಿ ಪಾಯಸ ತಿನ್ನುವುದನ್ನೇ ಬಿಟ್ಟ ನನ್ನ ಹೆಂಡತಿ, ಪ್ರತಿ ಸಲ ಸಾಮಾನು ಕಟ್ಟುವಾಗಲೂ ಒಂದೇ ಮಾತು ಹೇಳುತ್ತಿದ್ದಳು: "ಕಪ್ಪೆಗಳಿಗೆ ಸ್ವಂತ ಸೈಟಿದೆ. ನಮಗಿಲ್ಲ ನೋಡಿ."

ಎರಡು ಸಾವಿರದ ಇಸವಿಯ ನಂತರದ ಒಂದು ಬೇಸಿಗೆಯಲ್ಲಿ ಅತ್ತೆ ಇದ್ದಕ್ಕಿದ್ದಂತೆ ನನ್ನನ್ನು ಕರೆದುಕೊಂಡು ಹೋಗಿ ಆ ಸೈಟನ್ನು ನನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿಬಿಟ್ಟರು. ಒಂದು ಷರತ್ತೂ ಇಲ್ಲ! ಮೇ ತಿಂಗಳಲ್ಲಿ ನಾನು ಅಳುಕುತ್ತಲೇ ಹೋಗಿ, ಮಳೆಗಾಲಕ್ಕೆ ಮೊದಲು ಮಣ್ಣು ತುಂಬಿ ಪಾಯ ತೆಗೆಯಬೇಕಂತೆ ಎಂದು ಹೇಳಿದೆ. ದೊಡ್ಡ ಜಗಳಕ್ಕೇ ತಯಾರಾಗಿ ಹೋಗಿದ್ದೆ. ಮಗುವಿನ ಸ್ಕೂಲು, ಓನರ್ ಕಾಟ, ನನ್ನ ಸೊಂಟನೋವು, ಎಲ್ಲ ವಾದಗಳನ್ನೂ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದೆ. ಅತ್ತೆ, "ಮಾಡ್ಸು. ನಿನ್ನ ಸೈಟಲ್ವಾ" ಅಂದರು. ಕಾಫಿ ಕೊಟ್ಟರು. ಅಷ್ಟೇ.

ಇಪ್ಪತ್ತು ದಿನ ಬಿಟ್ಟು ಒಂದು ಬೆಳಿಗ್ಗೆ ಮಣ್ಣಿನ ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆ. ಅತ್ತೆಯ ಮನೆಗೆ ಬೀಗ. ಹೊಂಡದಲ್ಲಿ ನೀರು ಬತ್ತಿ, ತಳದ ಕೆಸರು ಮಾತ್ರ ಉಳಿದಿತ್ತು. ಡ್ರೈವರು ಟ್ರಾಲಿ ಹಿಂದಕ್ಕೆ ತಿರುಗಿಸಿಕೊಂಡ. ಅಷ್ಟರಲ್ಲಿ ಪಕ್ಕದ ಮನೆಯ ಜಮಾದಾರರು ಕಾಂಪೌಂಡಿನ ಹತ್ತಿರ ಬಂದು ನಿಂತರು.

"ಹಾಕ್ಸಪ್ಪ, ಹಾಕ್ಸು. ಒಳಗೆ ಯಾವ್ದೂ ಇಲ್ಲ."

"ಇಲ್ಲ ಅಂದ್ರೆ?"

"ಹದಿನೈದು ದಿನದಿಂದ ನೋಡ್ತಾ ಇದೀನಿ. ಬೇಸಿಗೇಲಿ ಅವು ಕೆಸರೊಳಗೆ ಹೂತ್ಕೊಂಡಿರ್ತವಂತೆ. ನಿಮ್ಮತ್ತೆ ದಿನಾ ಬೆಳಿಗ್ಗೆ ಗುಂಡಿಗಿಳಿದು, ಕೈಯಲ್ಲೇ ಬಗೆದು, ಒಂದೊಂದೇ ತೆಗೀತಿದ್ರು. ಗುದ್ದಲಿ ಹಾಕಿದ್ರೆ ಏಟಾಗ್ತದಂತೆ. ವೈರ್ ಬ್ಯಾಗಲ್ಲಿ ಒದ್ದೆ ಗೋಣಿಚೀಲ ಹಾಸಿ, ಅದರೊಳಗಿಟ್ಕೊಂಡು ಗುಬ್ಬಿ ಬಸ್ ಹತ್ತೋರು. ತೋಟದ ಹೊಂಡಕ್ಕೆ ಬಿಟ್ಟು ಮಧ್ಯಾಹ್ನ ವಾಪಸ್. ಮಾರನೇ ದಿನ ಮತ್ತೆ. ಈ ವಯಸ್ಸಲ್ಲಿ!"

ಜಮಾದಾರರು ಕಾಂಪೌಂಡಿನ ಮೇಲೆ ಕೈಯೂರಿದರು. "ನಾನೇ ಕೇಳ್ದೆ. ಇನ್ನೊಂದ್ ವರ್ಷ ತಡಿಯೋ ಅಂತ ನಿಮ್ಮ ಹುಡುಗನಿಗೆ ಹೇಳ್ಬಾರ್ದಾ ಟೀಚರೇ ಅಂತ. ಅವನಿಗೆ ಏನೂ ಹೇಳ್ಬೇಡಿ ಅಂದ್ರು. ಅವನು ಮಣ್ಣು ಹಾಕ್ಸೋವಾಗ ಒಳಗೆ ಏನಾದ್ರೂ ಇದ್ದು, ಆಮೇಲೆ ಗೊತ್ತಾದ್ರೆ, ಆ ಮನೇಲಿ ನೆಮ್ಮದಿಯಾಗಿ ನಿದ್ದೆ ಮಾಡಲ್ಲ ಅಂದ್ರು."

ನಾನು ಇಳಿಜಾರಿನಲ್ಲಿ ಕೆಳಗಿಳಿದೆ. ಕೆಸರಿನ ತುಂಬಾ ಬೆರಳುಗಳ ಗುರುತು. ಇನ್ನೂ ಒಣಗಿರಲಿಲ್ಲ.

ಟ್ರ್ಯಾಕ್ಟರ್ ವಾಪಸ್ ಕಳಿಸಿದೆ. ಡ್ರೈವರು, "ಏನ್ ಸಾರ್, ತಮಾಷೆನಾ?" ಎಂದು ಗೊಣಗಿಕೊಂಡು ಹೋದ. ಮೂಲೆಯ ಎಸ್‌ಟಿಡಿ ಬೂತಿಗೆ ಹೋಗಿ ಗುಬ್ಬಿಗೆ ಫೋನ್ ಮಾಡಿದೆ. ಅತ್ತೆಯೇ ಎತ್ತಿದರು.

"ಮಣ್ಣು ಹಾಕ್ಸಿದ್ಯೇನೋ?"

"ಇಲ್ಲ ಅತ್ತೆ. ವಾಪಸ್ ಕಳಿಸ್ದೆ."

"ಯಾಕೋ? ಮಣ್ಣು ಸರಿ ಇರ್ಲಿಲ್ವಾ?"

"ಮಣ್ಣು ಚೆನ್ನಾಗೇ ಇತ್ತು. ನಿಮ್ಮ ಮನೆ ಮೇಲೇನೇ ಎರಡು ರೂಮು ಕಟ್ಕೋತೀನಿ. ಆಗಲ್ವಾ?"

ಆ ಕಡೆಯಿಂದ ಮೂಗು ಏರಿಸಿದ ಸದ್ದು.

"ಅಂತೂ ನನ್ನ ತಲೆ ಮೇಲೆ ಕೂತ್ಕೋತೀಯ ಅನ್ನು. ದಡ್ಡ ಮುಂಡೇದೇ! ಮೊದ್ಲೇ ಹೇಳ್ಬಾರ್ದಾ? ಹದಿನೈದು ದಿನ ಓಡಾಡ್ಸಿದ್ಯಲ್ಲೋ ನನ್ನ!" ಎಂದು ಬೈದು ಫೋನಿಟ್ಟರು.

ಆ ಎರಡು ರೂಮು ಕಟ್ಟಿದೆವು. ಈಗಲೂ ಅಲ್ಲೇ ಇದ್ದೇವೆ. ಆದರೆ ನನಗೆ ನೆನಪಿರುವುದು ಗೃಹಪ್ರವೇಶವಲ್ಲ, ಅವತ್ತಿನ ಮಧ್ಯಾಹ್ನ. ಮುಂದಿನ ಬಸ್ಸಿಗೇ ಬಂದಿಳಿದ ಅತ್ತೆ ಮನೆಯ ಬೀಗವನ್ನೂ ತೆಗೆಯದೆ ಸೀದಾ ಹೊಂಡದ ಹತ್ತಿರ ಬಂದರು. ಚಪ್ಪಲಿ ಬಿಟ್ಟರು. ಒಂದು ಸಲ ಒಳಗೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಸೀರೆ ಎತ್ತಿ ಸಿಕ್ಕಿಸಿಕೊಂಡರು.

"ಮಂಡಿ ಹಿಡ್ಕೊಂಡಿದೆ ಕಣೋ. ಇಳಿಯೋಕಾಗ್ತಿಲ್ಲ. ಕೈ ಕೊಡು" ಎಂದು ಕೈ ಚಾಚಿದರು.

ಹಿಡಿದುಕೊಂಡೆ. ಉಗುರುಗಳೆಲ್ಲ ಮುರಿದಿದ್ದವು. ಅಂಗೈ ಮಗುವಿನದರಷ್ಟು ಹಗುರವಾಗಿತ್ತು.